ಆ ವಿಡಿಯೋ ಮಾಡಿದ ಊರಲ್ಲಿ ಮಳೆ ಎಷ್ಟು?

ಅಕ್ಕೋರಿಗೊಂದು ಪ್ರಶ್ನೆ: ಫೆಬ್ರವರಿ ತಿಂಗಳ ಪತ್ರಗಳು

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ಮನೆಯಲ್ಲಿ ಪ್ಲಾಸ್ಟಿಕ್ ಕಡಿಮೆ ಮಾಡಬೇಕು, ಅಡುಗೆಮನೆ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡಬೇಕು ಅಂತ ಬಹಳ ಆಸೆ. ರಾತ್ರಿ ಮಗು ಮಲಗಿದ ಮೇಲೆ ಮೊಬೈಲಿನಲ್ಲಿ ಹುಡುಕುತ್ತೇನೆ. ಒಬ್ಬರು ಹೇಳಿದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ತಾಳೆಯೇ ಇರುವುದಿಲ್ಲ. ದೆಹಲಿಯವರ ಒಂದು ವಿಡಿಯೋ ನೋಡಿ ಕಳೆದ ಜೂನ್‌ನಲ್ಲಿ ಬಕೆಟ್ಟಿನಲ್ಲಿ ಗೊಬ್ಬರ ಮಾಡಲು ಹೊರಟೆ. ಎರಡೇ ವಾರಕ್ಕೆ ತಳದಲ್ಲಿ ನೀರು ನಿಂತು ವಾಸನೆ ಶುರುವಾಯಿತು. ಅನ್ನದ ಅಗುಳಿಗಿಂತ ದಪ್ಪ ಹುಳ ಆದವು. ಅತ್ತೆ ಎಲ್ಲವನ್ನೂ ಒಯ್ದು ತೆಂಗಿನ ಬುಡಕ್ಕೆ ಸುರಿದರು. ನಂಬುವಂಥ ಮಾಹಿತಿ ಇಂಟರ್‌ನೆಟ್ಟಿನಲ್ಲಿ ಎಲ್ಲಿ ಸಿಗುತ್ತದೆ? ಕನ್ನಡದಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು.
ಓದುಗರು, ಕೋಡಿಬಾಗ, ಕಾರವಾರ

ಉತ್ತರ: ತಂಗಿ, ಮೊದಲು ನಿಮ್ಮ ಅತ್ತೆಯವರ ವಿಷಯ. ಅವರು ಸುರಿದ ಜಾಗ ಸರಿಯಾಗಿಯೇ ಇದೆ. ಆ ಮರಕ್ಕೆ ಒಳ್ಳೆಯದೇ ಆಗಿರುತ್ತದೆ.

ವಿಡಿಯೋ ಮಾಡಿದವರೂ ಸುಳ್ಳು ಹೇಳಿರಲಿಕ್ಕಿಲ್ಲ. ಆದರೆ ದೆಹಲಿಯಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ 800 ಮಿಲಿಮೀಟರ್ ಆಸುಪಾಸು. ಕಾರವಾರದಲ್ಲಿ ಸಾಧಾರಣವಾಗಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಸುರಿಯುತ್ತದೆ. ಅಲ್ಲಿಯವರು ಬಕೆಟ್ ಒಣಗದ ಹಾಗೆ ನೀರು ಚಿಮುಕಿಸಿ ಅನ್ನುತ್ತಾರೆ. ನಮ್ಮಲ್ಲಿ ಮಳೆಗಾಲದಲ್ಲಿ ಉಪ್ಪಿನ ಭರಣಿಯೇ ನೀರೊಡೆಯುತ್ತದೆ. ಒಣಗಿಸಿದ ಬಟ್ಟೆ ಮೂರು ದಿನವಾದರೂ ಹಸಿಯಾಗೇ ಇರುತ್ತದೆ. ಅಂಥ ಹವೆಯಲ್ಲಿ ಅದೇ ವಿಧಾನ ಮಾಡಿದರೆ ಕಸ ಕೊಳೆತು ನಾರದೆ ಇನ್ನೇನಾಗುತ್ತದೆ?

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು. ಶಾಲೆಯ ಲೈಬ್ರರಿ ಕಪಾಟಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು. ಪುಸ್ತಕ ಒಯ್ಯುವ ಮಕ್ಕಳಿಗೆ ಮೊದಲ ಪುಟ ತೆಗೆದು ನೋಡಿ ಅನ್ನುತ್ತಿದ್ದೆ. ಯಾರು ಬರೆದರು, ಎಲ್ಲಿ ಕೂತು ಬರೆದರು, ಯಾವ ವರ್ಷ ಬರೆದರು ಅಂತ ಅಲ್ಲಿರುತ್ತದಲ್ಲ. ಮೊಬೈಲಿಗೂ ನಾನು ಅದನ್ನೇ ಕೇಳುತ್ತೇನೆ. ಈ ಮೂರರಲ್ಲಿ ನಮಗೆ ಬಹಳ ಮುಖ್ಯವಾದದ್ದು ಎಲ್ಲಿ ಅನ್ನುವುದು. ಗೊಬ್ಬರ, ಗಿಡ, ನೀರು, ಗೋಡೆ, ಸೋಲಾರ್ ಯಾವುದಾದರೂ ಸರಿ, ಹೇಳುವವರ ಊರಿನ ಮಳೆ ಮತ್ತು ಮಣ್ಣು ನಮ್ಮ ಹಾಗಿದೆಯೇ ನೋಡಿ. ಇಲ್ಲ ಅಂತಾದರೆ ಅವರು ಎಷ್ಟೇ ಚೆನ್ನಾಗಿ ಹೇಳಲಿ, ಹಾಗೇ ಮಾಡಲು ಹೋಗಬೇಡಿ.

ಹಾಗಾದರೆ ನಮ್ಮಂಥ ಮಳೆ ಎಲ್ಲಿದೆ? ಗೋವಾ, ಕೇರಳ. ಅದರಲ್ಲೂ ಕೇರಳದವರು ಮನೆಮಟ್ಟದ ಗೊಬ್ಬರದಲ್ಲಿ ಬಹಳ ಕೆಲಸ ಮಾಡಿದ್ದಾರೆ. ಅಲ್ಲಿಯ ಸರ್ಕಾರದ ಶುಚಿತ್ವ ಮಿಷನ್ ಮತ್ತು 2016ರಲ್ಲಿ ಶುರುವಾದ ಹರಿತ ಕೇರಳಂ ಮಿಷನ್ ಈ ಎರಡು ಹೆಸರು ಬರೆದಿಟ್ಟುಕೊಳ್ಳಿ. ಪೈಪ್ ಕಾಂಪೋಸ್ಟ್, ಗಾಳಿಯಾಡುವ ಬಿನ್, ತೆಂಗಿನ ನಾರಿನ ಪುಡಿಯಿಂದ ಮಾಡಿದ ಹೆಪ್ಪು, ಇವೆಲ್ಲ ಅಲ್ಲಿ ಮನೆಮನೆಯಲ್ಲಿ ಬಳಸಿ ನೋಡಿದ ವಿಧಾನಗಳು. ಮಾತು ಮಲಯಾಳದಲ್ಲಿ ಇರುತ್ತದೆ. ಶಬ್ದ ನಿಲ್ಲಿಸಿ ಬರೀ ಕೈ ಏನು ಮಾಡುತ್ತದೆ ನೋಡಿ, ಮುಕ್ಕಾಲು ಪಾಲು ತಿಳಿಯುತ್ತದೆ. ನಾನು ಹಾಗೇ ಕಲಿತೆ.

ಕನ್ನಡದಲ್ಲಿ ಬೇಕು ಅಂದಿದ್ದೀರಿ. ಕೇಂದ್ರ ಸರ್ಕಾರದ ವಿಕಾಸ್‌ಪೀಡಿಯಾ ಕನ್ನಡದಲ್ಲೂ ಇದೆ. ಕೃಷಿ ಮತ್ತು ಇಂಧನದ ಭಾಗ ಓದುವಂತಿದೆ. ರಾಜ್ಯ ಸರ್ಕಾರದ ಕಣಜ ಅನ್ನುವ ವೆಬ್‌ಸೈಟ್ ಇದೆ. ಪುತ್ತೂರಿನಿಂದ 1988ರಲ್ಲಿ ಶುರುವಾದ ಅಡಿಕೆ ಪತ್ರಿಕೆಯಲ್ಲಿ ರೈತರೇ ತಾವು ಮಾಡಿ ನೋಡಿದ್ದನ್ನು ಬರೆಯುತ್ತಾರೆ. ಅದು ನಮ್ಮಂಥದೇ ಮಳೆ ಬೀಳುವ ಸೀಮೆ. ಇನ್ನು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕ ರಾಶಿ ರಾಶಿ ಇವೆ, ದುಡ್ಡು ಕೊಡಬೇಕಾಗಿಲ್ಲ.

ಹುಡುಕುವಾಗ ಒಂದು ಉಪಾಯ. "ಮನೆ ಗೊಬ್ಬರ" ಅಂತಷ್ಟೇ ಬರೆದರೆ ಮಾರುವವರ ಜಾಹೀರಾತೇ ಮೊದಲು ಬರುತ್ತದೆ. "ಎರೆಗೊಬ್ಬರ ಕರಾವಳಿ ಮಳೆಗಾಲ" ಅಂತ ಬರೆದು ಕೊನೆಗೆ "ಪಿಡಿಎಫ್" ಅಂತ ಸೇರಿಸಿ. ಆಗ ಕೃಷಿ ವಿಶ್ವವಿದ್ಯಾಲಯ, ಸಂಶೋಧನಾ ಕೇಂದ್ರಗಳ ಪುಸ್ತಿಕೆಗಳು ಮೇಲೆ ಬರುತ್ತವೆ. ನೋಡಲು ಚಂದ ಇರುವುದಿಲ್ಲ. ಆದರೆ ಯಾವುದನ್ನು ಎಷ್ಟು ಹಾಕಬೇಕು ಅಂತ ಅಳತೆ ಇರುತ್ತದೆ.

ಈಗ ನಿಮ್ಮ ಬಕೆಟ್ಟಿಗೆ ಬರೋಣ. ಆ ಹುಳ ನೋಡಿ ಹೆದರಿದಿರಿ ಅಲ್ವಾ? ಮಾಸಲು ಬಿಳಿ, ಆಮೇಲೆ ಕಂದು, ಮೈಯಲ್ಲಿ ಗೆರೆ ಗೆರೆ ಇದ್ದರೆ ಅದು ಬ್ಲ್ಯಾಕ್ ಸೋಲ್ಜರ್ ಅನ್ನುವ ನೊಣದ ಮರಿ. ಕಚ್ಚುವುದಿಲ್ಲ. ಕಸವನ್ನು ನಮಗಿಂತ ಬೇಗ ಕರಗಿಸುತ್ತದೆ. ನಿಜವಾದ ತೊಂದರೆ ಇರುವುದು ವಾಸನೆಯಲ್ಲಿ. ನೀರು ಜಾಸ್ತಿಯಾಗಿ ಒಳಗೆ ಗಾಳಿ ಹೋಗಲಿಲ್ಲ ಅಂತ ಅದು ಹೇಳುತ್ತದೆ. ಒಂದು ಬಟ್ಟಲು ಹಸಿ ಕಸಕ್ಕೆ ಎರಡು ಬಟ್ಟಲು ಒಣದು ಬೇಕು. ಜೂನ್‌ನಲ್ಲಿ ಒಣ ಎಲೆ ಎಲ್ಲಿಂದ ತರುತ್ತೀರಿ? ಇದೇ ಇಡೀ ವಿಷಯದ ಗುಟ್ಟು, ಇದನ್ನು ನನಗೆ ಯಾವ ವಿಡಿಯೋದವರೂ ಹೇಳಿರಲಿಲ್ಲ.

ನಾವು ಮಳೆಗಾಲಕ್ಕೆ ಕಟ್ಟಿಗೆ ಕೂಡಿಡುವುದಿಲ್ಲವೇ? ಹಪ್ಪಳ, ಒಣಮೀನು, ಉಪ್ಪಿನಕಾಯಿ ಮಾಡಿಡುವುದಿಲ್ಲವೇ? ಹಾಗೇ ದರಕು, ಅಂದರೆ ಉದುರಿದ ಒಣ ಎಲೆ, ಕೂಡಿಡಬೇಕು. ಈಗ ಹಲಸು, ಗೇರು, ಮಾವಿನ ಎಲೆ ಉದುರುವ ಕಾಲ. ನಾನು ಫೆಬ್ರವರಿಯಿಂದ ಏಪ್ರಿಲ್ ತನಕ ದಿನಾ ಬೆಳಿಗ್ಗೆ ಅಂಗಳ ಗುಡಿಸಿದ ದರಕನ್ನು ಅಕ್ಕಿ ಚೀಲಕ್ಕೆ ತುಂಬುತ್ತೇನೆ. ಕಾಲಲ್ಲಿ ತುಳಿದು ಪುಡಿ ಮಾಡಿದರೆ ಒಂದು ಚೀಲಕ್ಕೆ ಬಹಳ ಹಿಡಿಯುತ್ತದೆ. ಬಾಯಿ ಕಟ್ಟಿ ಹಿಂದಿನ ಮಾಡಿನಲ್ಲಿ, ಕಟ್ಟಿಗೆಯ ಪಕ್ಕ ಇಡುತ್ತೇನೆ. ನಾವು ಮನೆಯಲ್ಲಿ ಮೂರು ಜನ, ಹತ್ತು ಚೀಲ ಇದ್ದರೆ ಅಕ್ಟೋಬರ್ ತನಕ ಬರುತ್ತದೆ. ಸಾಲದೆ ಹೋದರೆ ಕಟ್ಟಿಗೆ ಮಿಲ್ಲಿನ ಹೊಟ್ಟು ತರುತ್ತೇನೆ.

ಬಕೆಟ್ಟಿನ ತಳಕ್ಕೆ ಮತ್ತು ಬದಿಗೆ ಕಾದ ಮೊಳೆಯಿಂದ ತೂತು ಮಾಡಿ. ಎರಡು ಇಟ್ಟಿಗೆಯ ಮೇಲೆ, ಎರಚಲು ಬರದ ಕಡೆ ಇಡಿ. ಒಂದು ಹಿಡಿ ಹಳೆಯ ಗೊಬ್ಬರ ಅಥವಾ ಸಗಣಿ ಹಾಕಿ ಶುರು ಮಾಡಿ. ವಾರಕ್ಕೆ ಎರಡು ಸಲ ಕೋಲಿನಿಂದ ತಿರುವಿ. ಕೈಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ಮೀನಿನ ಕಸ ಮಾತ್ರ ಬಕೆಟ್ಟಿಗೆ ಬೇಡ. ಅದನ್ನು ತೆಂಗಿನ ಬುಡದಲ್ಲಿ ಮೊಣಕೈ ಆಳದ ಗುಂಡಿ ತೆಗೆದು ಹುಗಿಯಿರಿ, ನಾಯಿ ಕೆದಕುವುದಿಲ್ಲ.

ಪ್ಲಾಸ್ಟಿಕ್ಕಿನ ಬಗ್ಗೆ ನನಗೇ ಆದದ್ದು ಹೇಳುತ್ತೇನೆ. ಮೂರು ವರ್ಷದ ಹಿಂದೆ ಒಂದು ಆನ್‌ಲೈನ್ ಅಂಗಡಿಯಿಂದ "ಮಣ್ಣಲ್ಲಿ ಕರಗುವ" ಕಸದ ಚೀಲ ತರಿಸಿದೆ. ಮೇಲೆ ಹಸಿರು ಎಲೆಯ ಚಿತ್ರ. ನಂಬಿ ಒಂದನ್ನು ಜನವರಿಯಲ್ಲಿ ಗೊಬ್ಬರಗುಂಡಿಗೆ ಹಾಕಿದೆ. ಇಡೀ ಮಳೆಗಾಲ ಕಳೆದು ಚೌತಿಯ ಹೊತ್ತಿಗೆ ಗುಂಡಿ ತೋಡಿದಾಗ ಗುದ್ದಲಿಯ ಬಾಯಿಗೆ ಅದೇ ಚೀಲ ಸಿಕ್ಕಿತು. ತೊಳೆದರೆ ಎಲೆಯ ಚಿತ್ರವೂ ಹಾಗೇ ಇತ್ತು. ಸುತ್ತ ಹಾಕಿದ್ದ ಬಾಳೆಎಲೆ, ಅಡಿಕೆ ಹಾಳೆ ಗುರುತು ಸಿಗದ ಹಾಗೆ ಮಣ್ಣಾಗಿದ್ದವು. ಆ ದಿನ ನನಗೆ ಬಹಳ ಬೇಜಾರಾಯಿತು. ಆಮೇಲೆ ಓದಿ ತಿಳಿದುಕೊಂಡೆ. ಕಾಂಪೋಸ್ಟಬಲ್ ಅಂತ ಮಾರಬೇಕಾದರೆ ಐಎಸ್/ಐಎಸ್‌ಒ 17088 ಗುಣಮಟ್ಟಕ್ಕೆ ಹೊಂದಬೇಕು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ಪಡೆದವರ ಪಟ್ಟಿ ಮಂಡಳಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಹಾಗೆ ಪಡೆದ ಚೀಲ ಕೂಡ ಕರಗುವುದು ದೊಡ್ಡ ಘಟಕದ ಬಿಸಿಯಲ್ಲಿ, ನಮ್ಮ ಹಿತ್ತಲಿನ ಗುಂಡಿಯಲ್ಲಿ ಕರಗುತ್ತದೆ ಅಂತ ಭರವಸೆ ಇಲ್ಲ. ಬಟ್ಟೆ ಚೀಲ ಒಂದು ಹೊಲಿದುಕೊಳ್ಳಿ, ಅದು ಸಾಕು.

ಇನ್ನೊಂದು. ಅಡುಗೆ ಸೋಡಾಕ್ಕೆ ವಿನೆಗರ್ ಬೆರೆಸಿ ಎಲ್ಲ ಕೊಳೆ ತೆಗೆಯಿರಿ ಅನ್ನುವ ವಿಡಿಯೋ ನೂರಾರು ಇವೆ. ಬುಸುಬುಸು ನೊರೆ ಬರುತ್ತದೆ, ನೋಡಿದರೆ ಏನೋ ದೊಡ್ಡ ಕೆಲಸ ಆಗುತ್ತಿದೆ ಅನ್ನಿಸುತ್ತದೆ. ಹತ್ತನೇ ತರಗತಿಯ ಪಾಠ ನೆನಪಿಸಿಕೊಳ್ಳಿ. ಒಂದು ಆಮ್ಲ, ಒಂದು ಕ್ಷಾರ, ಎರಡೂ ಸೇರಿ ಒಂದರ ಶಕ್ತಿ ಇನ್ನೊಂದು ಕಳೆಯಿತು. ಉಳಿದದ್ದು ಬರೀ ಉಪ್ಪಿನಂಥದ್ದು ಕರಗಿದ ನೀರು. ಜಿಡ್ಡು ತಿಕ್ಕಲು ಸೋಡಾ, ನಲ್ಲಿಯ ಬಿಳಿ ಕಲೆಗೆ ವಿನೆಗರ್ ಅಥವಾ ಲಿಂಬು, ಬೇರೆ ಬೇರೆಯಾಗಿ ಬಳಸಿ. ಬ್ಲೀಚಿಂಗ್ ಪುಡಿಗೆ ಮಾತ್ರ ವಿನೆಗರ್, ಲಿಂಬು, ಪಾಯಿಖಾನೆ ತೊಳೆಯುವ ಆಸಿಡ್ ಯಾವುದನ್ನೂ ಸೇರಿಸಬೇಡಿ. ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಮಗು ಇರುವ ಮನೆ ನಿಮ್ಮದು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಈ ಸಲ ದರಕು ತುಂಬಿ. ಜುಲೈನಲ್ಲಿ ಬಕೆಟ್ ಹೇಗಿದೆ ಅಂತ ಬರೆಯಿರಿ.

ಪ್ರಶ್ನೆ: ಮನೆ ಮೇಲೆ ಸೋಲಾರ್ ಹಾಕಿಸಬೇಕು ಅಂತಿದ್ದೇನೆ. ದಿನಕ್ಕೊಬ್ಬರು ಫೋನ್ ಮಾಡಿ ಒಂದೊಂದು ಲೆಕ್ಕ ಹೇಳುತ್ತಾರೆ. ಸರಿಯಾದ ಲೆಕ್ಕ ಎಲ್ಲಿ ನೋಡಲಿ?
ಅಡಿಕೆ ಬೆಳೆಗಾರ, ಶಿರಸಿ ತಾಲೂಕು

ಉತ್ತರ: ಫೋನ್ ಮಾಡಿದವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಗೆ ಸರ್ಕಾರದ್ದೇ ವೆಬ್‌ಸೈಟ್ ಇದೆ. ಎಷ್ಟು ಕಿಲೋವ್ಯಾಟ್ ಬೇಕು ಅಂತ ಲೆಕ್ಕ ಹಾಕಲು, ಅರ್ಜಿ ಹಾಕಲು, ನೋಂದಾಯಿತ ಗುತ್ತಿಗೆದಾರರ ಪಟ್ಟಿ ನೋಡಲು ಅಲ್ಲೇ ಆಗುತ್ತದೆ. ಸಬ್ಸಿಡಿ 2 ಕಿಲೋವ್ಯಾಟ್ ತನಕ ಕಿಲೋವ್ಯಾಟಿಗೆ 30,000 ರೂಪಾಯಿ. 3 ಕಿಲೋವ್ಯಾಟ್ ಮತ್ತು ಮೇಲಕ್ಕೆ ಒಟ್ಟು 78,000. ನಮ್ಮ ಜಿಲ್ಲೆಗೆ ಕರೆಂಟು ಕೊಡುವವರು ಹೆಸ್ಕಾಂ, ಅವರ ಕಚೇರಿಗೆ ಒಮ್ಮೆ ಹೋಗಿ ಮಾತಾಡಿ ಬನ್ನಿ.

ಈಗ ಆ ವೆಬ್‌ಸೈಟ್ ನಿಮ್ಮ ಮನೆ ನೋಡದೆ ಹೇಳಲಾರದ ಮಾತು. ನಿಮ್ಮ ಮಾಡಿನ ಮೇಲೆ ಅಡಿಕೆ, ತೆಂಗಿನ ನೆರಳು ಬೀಳುತ್ತದೆಯೇ? ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ, ಸಂಜೆ ನಾಲ್ಕಕ್ಕೆ ನಿಂತು ನೋಡಿ. ಪ್ಯಾನೆಲ್ಲಿನ ಒಂದು ಮೂಲೆಗೆ ನೆರಳು ಬಿದ್ದರೂ ವಿದ್ಯುತ್ ಗಣನೀಯವಾಗಿ ಇಳಿಯುತ್ತದೆ. ಬಿಸಿಲಿರುವಾಗ ಒಂದು ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್ ಅಂದಾಜು. ಶಿರಸಿಯ ಆಷಾಢ, ಶ್ರಾವಣದ ಮೋಡದಲ್ಲಿ ಅಷ್ಟು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಇನ್ನೂ ಒಂದನ್ನು ಬಹಳ ಜನ ಹಾಕಿಸಿದ ಮೇಲೆ ತಿಳಿದುಕೊಳ್ಳುತ್ತಾರೆ. ಬ್ಯಾಟರಿ ಇಲ್ಲದೆ ಗ್ರಿಡ್ಡಿಗೆ ಜೋಡಿಸಿದ ಸೋಲಾರ್, ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಲೈನ್ ರಿಪೇರಿ ಮಾಡುವವರ ಜೀವ ಉಳಿಯಲಿ ಅಂತ ಹಾಗೆ ಮಾಡಿದ್ದಾರೆ.

ಗೃಹಜ್ಯೋತಿಯಲ್ಲಿ ನಿಮಗೆ ಬಿಲ್ಲೇ ಬರದಿದ್ದರೆ ಹಣದ ಲೆಕ್ಕದಲ್ಲಿ ಅವಸರ ಬೇಡ. ಮೊದಲು ಫ್ಯಾನ್ ಬದಲಾಯಿಸಿ. ಬಿಇಇ ಸ್ಟಾರ್ ಲೇಬಲ್ ಅಂತ ಒಂದು ಆ್ಯಪ್ ಇದೆ, ಯಾವ ಕಂಪನಿಯ ಯಾವ ಮಾಡೆಲ್ ಎಷ್ಟು ವಿದ್ಯುತ್ ತಿನ್ನುತ್ತದೆ ಅಂತ ಅಂಗಡಿಯಲ್ಲೇ ನಿಂತು ನೋಡಬಹುದು. ನಮ್ಮ ಜಗುಲಿಯ ಹಳೆ ಫ್ಯಾನ್ 75 ವ್ಯಾಟಿನದು. ಬದಲಿಗೆ ಹಾಕಿದ, ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಮೋಟಾರಿನ ಫ್ಯಾನ್ 28 ವ್ಯಾಟಿನದು. ದಿನಕ್ಕೆ ಹತ್ತು ತಾಸು ತಿರುಗಿದರೆ ತಿಂಗಳಿಗೆ 14 ಯೂನಿಟ್ ಉಳಿಯಿತು.

ಕೊಟ್ಟಿಗೆಯಲ್ಲಿ ದನ ಇವೆಯೇ? ಹಾಗಿದ್ದರೆ ಹಳೆಯ ಗೋಬರ್ ಗ್ಯಾಸ್ ಗುಂಡಿ ಮುಚ್ಚಬೇಡಿ. ನಿಮ್ಮ ತಾಲೂಕಿನ ಗೋಬರ್ ಗ್ಯಾಸ್ ಹೇಗೆ ಯಶಸ್ವಿಯಾಯಿತು ಅಂತ ಭಾರತೀಯ ವಿಜ್ಞಾನ ಸಂಸ್ಥೆಯವರು 2001ರಲ್ಲಿ ಒಂದು ಪ್ರಬಂಧವನ್ನೇ ಬರೆದಿದ್ದಾರೆ. ಹೊರಗಿನವರು ನೋಡಿ ಕಲಿಯಲಿ ಅನ್ನುವಂಥದ್ದು ನಿಮ್ಮ ಹಿತ್ತಲಲ್ಲೇ ಇದೆ.

ಪ್ರಶ್ನೆ: ಪರಿಸರ ಅಂದ ಕೂಡಲೇ ಎಲ್ಲರೂ ಮೀನು ಬಿಡಿ ಅನ್ನುತ್ತಾರೆ. ಅಂಕೋಲೆಯಲ್ಲಿ ಹುಟ್ಟಿ ಮೀನು ಬಿಡುವುದು ಹೇಗೆ ಅಕ್ಕೋರೇ?
ಓದುಗರು, ಅಂಕೋಲಾ

ಉತ್ತರ: ಬಿಡಬೇಡಿ. ನಮ್ಮ ಮನೆಯಲ್ಲೂ ಮೀನಿಲ್ಲದ ದಿನ ವಾರಕ್ಕೆ ಒಂದೋ ಎರಡೋ. ಯಾವ ತಿಂಗಳು ಯಾವ ಮೀನು ಅಂತ ನೋಡಿ ತಿನ್ನಿ. ನೋ ಯುವರ್ ಫಿಶ್ ಅನ್ನುವ ವೆಬ್‌ಸೈಟಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೇ ಮಾಡಿದ ಪಟ್ಟಿ ಇದೆ. ಮೀನು ಮೊಟ್ಟೆ ಇಡುವ ತಿಂಗಳಲ್ಲಿ ಅದನ್ನು ಬಿಟ್ಟು ಬೇರೆ ಮೀನು ಕೊಳ್ಳಿ ಅನ್ನುವುದು ಅದರ ಲೆಕ್ಕ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿ ನೀರಿಗಿಳಿಯಬಾರದು ಅಂತ ಇರುವುದೂ ಅದಕ್ಕೇ. ಆಳ ತಿಳಿಯಬೇಕಾದರೆ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಕಾರವಾರದಲ್ಲೇ ಇದೆ. ಆ ಸಂಸ್ಥೆಯ ಸಂಶೋಧನಾ ಬರಹಗಳು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ.

ಪೇಟೆಯಲ್ಲಿ ಮೀನು ಮಾರುವ ಅಕ್ಕಂದಿರ ಹತ್ತಿರ ಯಾವ ಬಲೆಯದು ಅಂತ ಕೇಳಿ. ಅವರಿಗೆ ಗೊತ್ತಿರುತ್ತದೆ, ಕೇಳಿದರೆ ಖುಷಿಯಿಂದ ಹೇಳುತ್ತಾರೆ. ಬೆರಳಷ್ಟುದ್ದದ ಬಂಗಡೆ ಮರಿ ಅಗ್ಗ ಅಂತ ತರಬೇಡಿ. ಎಲ್‌ಇಡಿ ದೀಪ ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ನಮ್ಮ ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಜಗತ್ತಿನ ಮಟ್ಟದಲ್ಲಿ ಮುಖ್ಯ ಅಂತ ಗುರುತಿಸಿದ ಜೌಗು ಪ್ರದೇಶ ಆಯಿತು. ಅಲ್ಲಿ ಇಳಿತದ ಹೊತ್ತಿಗೆ ಸೊಂಟದ ತನಕ ನೀರಲ್ಲಿ ನಿಂತು ಹೆಂಗಸರು ಬೆಳಚು ಅನ್ನುವ ಚಿಪ್ಪುಮೀನು ಹೆಕ್ಕುತ್ತಾರೆ. ಅವರ ಬುಟ್ಟಿಯಿಂದ ಕೊಂಡರೆ ಆ ಹೊಳೆಯನ್ನು ಕಾಯುವವರಿಗೇ ದುಡ್ಡು ಹೋಗುತ್ತದೆ.

ಪ್ರಶ್ನೆ: ನಮ್ಮ ಊರ ಹತ್ತಿರ ದೊಡ್ಡ ಯೋಜನೆಯೊಂದು ಬರುತ್ತದಂತೆ. ಪೇಪರಿನಲ್ಲಿ ಒಂದು ಬರುತ್ತದೆ, ವಾಟ್ಸಾಪಿನಲ್ಲಿ ಇನ್ನೊಂದು. ಈ ಅಂಕಣಕ್ಕೆ ಇದು ಸಂಬಂಧ ಇಲ್ಲದ ಪ್ರಶ್ನೆಯಾದರೆ ಬಿಟ್ಟುಬಿಡಿ.
ಓದುಗರು, ಹೊನ್ನಾವರ

ಉತ್ತರ: ಬಹಳ ಸಂಬಂಧ ಇದೆ. ನಾವು ಮನೆಯಲ್ಲಿ ಬಟ್ಟೆ ಚೀಲ ಹಿಡಿದುಕೊಂಡು, ಹೊರಗೆ ಹೊಳೆ ಏನಾಗುತ್ತಿದೆ ಅಂತ ನೋಡದೆ ಇರಲಿಕ್ಕೆ ಆಗುತ್ತದೆಯೇ?

ಪರಿವೇಶ್ ಅಂತ ಕೇಂದ್ರ ಪರಿಸರ ಸಚಿವಾಲಯದ ವೆಬ್‌ಸೈಟ್ ಇದೆ. 2018ರಿಂದ ನಡೆಯುತ್ತಿದೆ. ರಾಜ್ಯ, ಜಿಲ್ಲೆ, ಯೋಜನೆಯ ಹೆಸರು ಹಾಕಿ ಹುಡುಕಿ. ಅರ್ಜಿ, ನಕ್ಷೆ, ಸಭೆಯ ನಡಾವಳಿ ಸಿಗುತ್ತವೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಬೇಕಾದ ಯೋಜನೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಇರಲೇಬೇಕು. ಇಂಗ್ಲಿಷ್ ಬಾರದು ಅಂತ ಹಿಂದೆ ಸರಿಯಬೇಡಿ, ಕನ್ನಡದ ಪ್ರತಿ ಕೇಳುವುದು ನಿಮ್ಮ ಹಕ್ಕು. ಜಿಲ್ಲಾಧಿಕಾರಿ ಕಚೇರಿಯಲ್ಲೂ ನೋಡಬಹುದು.

ಓದುವಾಗ ನನ್ನದೊಂದು ಅಭ್ಯಾಸ. ನನ್ನ ಕಣ್ಣಿಗೆ ದಿನಾ ಬೀಳುವ ಒಂದು ವಸ್ತುವನ್ನು ಮೊದಲು ಹುಡುಕುತ್ತೇನೆ. ನಿಮ್ಮೂರ ಹಳ್ಳ, ಕಾನು, ದೋಣಿ ನಿಲ್ಲಿಸುವ ಜಾಗ ಆ ವರದಿಯಲ್ಲಿ ಇವೆಯೇ? ಇಲ್ಲದಿದ್ದರೆ ಅದನ್ನೇ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಹೋಲಿಸಿ ನೋಡಲು ಭಾರತೀಯ ವಿಜ್ಞಾನ ಸಂಸ್ಥೆಯ ಸಹ್ಯಾದ್ರಿ ಇ-ನ್ಯೂಸ್ ತೆಗೆಯಿರಿ. ನಮ್ಮ ಜಿಲ್ಲೆಯ ಅಳಿವೆ, ಕಾಡು, ದೇವರಕಾಡಿನ ಅಧ್ಯಯನಗಳು ಅಲ್ಲಿವೆ. ಇಂಗ್ಲಿಷಿನಲ್ಲಿ ಇವೆ, ಕಾಲೇಜಿಗೆ ಹೋಗುವ ಮಕ್ಕಳನ್ನು ಪಕ್ಕ ಕೂರಿಸಿಕೊಂಡು ಓದಿಸಿ.

ಪ್ರಶ್ನೆ: ಏಪ್ರಿಲ್ ಬಂದರೆ ನಮ್ಮ ಬಾವಿ ನೀರು ಸವಳು. ಮಾಡಿನ ನೀರು ಇಂಗಿಸಿದರೆ ಪ್ರಯೋಜನ ಉಂಟೇ? ನಮ್ಮದು 1,000 ಚದರಡಿ ಮನೆ.
ಓದುಗರು, ಭಟ್ಕಳ

ಉತ್ತರ: ಉಂಟು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಮಾಡು 93 ಚದರ ಮೀಟರ್. ವರ್ಷಕ್ಕೆ 3,000 ಮಿಲಿಮೀಟರ್ ಹಿಡಿಯಿರಿ. ಐದರಲ್ಲಿ ಒಂದು ಪಾಲು ಚೆಲ್ಲಿ ಹೋದರೂ 2,20,000 ಲೀಟರ್ ಸಿಗುತ್ತದೆ. ದಿನಕ್ಕೆ 400 ಲೀಟರ್ ಬಳಸುವ ಮನೆಗೆ ಒಂದೂವರೆ ವರ್ಷದ ನೀರು ಅದು. ಅಷ್ಟೂ ಈಗ ಗಟಾರಕ್ಕೆ ಹೋಗುತ್ತಿದೆ. ಸಿಹಿನೀರು ಒಳಗಿಳಿದಷ್ಟೂ ಉಪ್ಪುನೀರನ್ನು ಹಿಂದೆ ತಳ್ಳುತ್ತದೆ. ಒಂದೇ ಮಳೆಗಾಲಕ್ಕೆ ಬಾವಿ ಪೂರಾ ಸರಿಯಾಗುತ್ತದೆ ಅಂತ ಮಾತ್ರ ತಿಳಿಯಬೇಡಿ. ನೆರೆಮನೆಯವರೂ ಸೇರಿದರೆ ಬೇಗ.

ನಕ್ಷೆಗೆ "ಮಳೆಕೊಯ್ಲು ಬಾವಿ ಮರುಪೂರಣ" ಅಂತ ಬರೆದು ಹುಡುಕಿ. ಇಂಗ್ಲಿಷ್ ಓದುವವರಿದ್ದರೆ ಇಂಡಿಯಾ ವಾಟರ್ ಪೋರ್ಟಲ್ ನೋಡಿ. ಮಾಡಿನ ಅಂಚಿನ ನೀರು ಹಿಡಿಯುವ ದೋಣಿಯಿಂದ ಪೈಪು, ಪೈಪಿನಿಂದ ಜಲ್ಲಿ, ಮರಳು, ಇದ್ದಿಲು ತುಂಬಿದ ಡ್ರಮ್ಮು, ಅಲ್ಲಿಂದ ಬಾವಿಗೆ. ಮೇ ತಿಂಗಳಲ್ಲಿ ಮಾಡು ಹತ್ತಿ ಎಲೆ, ಹಕ್ಕಿ ಹಿಕ್ಕೆ ಎಲ್ಲ ಗುಡಿಸಿ. ಮೊದಲ ಎರಡು ಮಳೆಯ ನೀರು ಹೊರಗೆ ಹೋಗಲಿ. ಮೂರನೆಯದರಿಂದ ಬಾವಿಗೆ ತಿರುಗಿಸಿ.